ಫಕೀರವ್ವನ ಮಾತು ನಂಬಬಹುದು

ನನ್ನ ತಮ್ಮ ಭರಮಣ್ಣನನ್ನು ಪೊಲೀಸರು ಹಿಡಿದುಕೊಂಡು ಹೋದ ದಿನದಿಂದ ನನಗೆ ಕೂತಲ್ಲಿ ಕೂಡಲಾಗುತ್ತಿರಲಿಲ್ಲ. ಮೊದಲೇ ನಾನು ಚಡಪಡಿಕೆಯ ಹೆಂಗಸು. ಹೊಲಿಗೆ ಮಷಿನ್ನಿಗೆ ದಾರ ಏರಿಸುವ ಮೊದಲೇ ತುಳಿಯಲು ಶುರುಮಾಡಿರುತ್ತೇನೆ. ಆಗಂತೂ ಅಂಗಡಿ ತೆರೆದು ಅರ್ಧ ಜಂಪರು ಹೊಲಿಯುವುದು, ಎದ್ದು ಕೋರ್ಟಿನ ಕಡೆ ಒಂದು ಸುತ್ತು ಹೋಗುವುದು, ಅಲ್ಲಿ ನಮ್ಮ ವಕೀಲರು ಸಿಗದೆ ಮರಳಿ ಬಂದು ಎಡಗೈ ತೋಳನ್ನು ಬಲಕ್ಕೆ ಕೂಡಿಸುವುದು, ಮತ್ತೆ ಬಿಚ್ಚುವುದು, ಹೀಗೇ ದಿನಗಳು ಹೋಗುತ್ತಿದ್ದವು. ಗಿರಾಕಿಗಳು ಯಾವಾಗ ಕೊಡ್ತಿ ಎಂದು ಕೇಳಿದರೆ ಗೊತ್ತಿಲ್ಲ ಎನ್ನುತ್ತಿದ್ದೆ. ಅದು ಅವರಿಗೆ ಚೆನ್ನಾಗಿ ಕೇಳಿಸುತ್ತಿತ್ತು.

ನಮ್ಮೂರಲ್ಲಿ ನಂಬದ ಮಾತು ಕೇಳಿಸುವುದಿಲ್ಲ. ಬೇರೆ ಟೇಲರುಗಳು ನಾಳೆ ಖಂಡಿತ ಕೊಡ್ತೀನಿ ಎಂದರೆ ಗಿರಾಕಿಗೆ ತುಟಿ ಅಲ್ಲಾಡುವುದು ಕಾಣುತ್ತದೆ, ಅಷ್ಟೇ. ಪರೀಕ್ಷೆಯ ದಿನ ಬೆಳಿಗ್ಗೆ ಮಕ್ಕಳು ಹೊಟ್ಟೆ ಹಿಡಿದುಕೊಂಡು ಬಾಯಿ ತೆರೆದು ಮುಚ್ಚುತ್ತಾರೆ, ತಾಯಂದಿರು ಜಡೆ ಹಾಕುವುದನ್ನು ನಿಲ್ಲಿಸುವುದಿಲ್ಲ. ಚುನಾವಣೆ ಬಂದರೆ ಮೈದಾನದಲ್ಲಿ ಮೈಕು ಕಟ್ಟುತ್ತಾರೆ, ವೇದಿಕೆಯ ಮೇಲಿನವರು ಕೈ ಬೀಸುತ್ತಾರೆ, ಮುಂದಿನ ಸಾಲಿನವರು ಚಪ್ಪಾಳೆ ತಟ್ಟುತ್ತಾರೆ, ಹಿಂದಿನವರು ಆ ನಿಶ್ಶಬ್ದದಲ್ಲಿ ಆರಾಮಾಗಿ ಶೇಂಗಾ ಸುಲಿಯುತ್ತಾರೆ. ಹೆಣ್ಣು ನೋಡಲು ಬಂದ ಹುಡುಗನನ್ನು ಹೆಚ್ಚೇನೂ ಕೇಳುವುದಿಲ್ಲ, ನೀ ಕುಡೀತಿ ಏನಪಾ ಎಂದು ಒಂದು ಮಾತು ಕೇಳಿ ಎಲ್ಲರೂ ಕಿವಿಗೊಡುತ್ತಾರೆ. ಹುಟ್ಟಿದಾಗಿನಿಂದ ಇದರಲ್ಲೇ ಬೆಳೆದವರು ನಾವು, ನಮಗೆ ಇದರಲ್ಲಿ ಸೋಜಿಗವೇನೂ ಇಲ್ಲ. ಆದರೆ ಮಾತು ತೂಗಿ ಆಡುವುದು ಅಭ್ಯಾಸವಾಗಿದೆ. ಊಟ ಚಲೋ ಆಗೇತಿ ಎಂದು ಬೀಗರ ಮನೆಯಲ್ಲಿ ಕೂಡ ಯಾರೂ ಸುಮ್ಮಸುಮ್ಮನೆ ಹೇಳುವುದಿಲ್ಲ.

ಇದಕ್ಕೆ ಹೊರತಾದ ಜಾಗವೊಂದಿದೆ, ಸತ್ತವರ ಮನೆ. ಅಲ್ಲಿ ಯಾರು ಯಾರಿಗೆ ಏನು ಹೇಳಿ ಸಮಾಧಾನ ಮಾಡಿದರೂ ಪಕ್ಕದವರು ತಲೆ ತಗ್ಗಿಸಿ ನಿಂತಿರುತ್ತಾರೆ. ಒಬ್ಬರ ಕಡೆ ಒಬ್ಬರು ತಿರುಗಿ, ನಿನಗ ಕೇಳಿಸ್ತೇನು ಎಂದು ಕೇಳಬಾರದು. ಕೇಳಿದವನಿಗೆ ಆ ಓಣಿಯಲ್ಲಿ ಆಮೇಲೆ ನೀರೂ ಹುಟ್ಟುವುದಿಲ್ಲ.

ಭರಮಣ್ಣ ಕರೆಂಟಿನ ಕೆಲಸದವನು. ಹತ್ತಿ ಗೋದಾಮಿಗೆ ವೈರು ಎಳೆಯಲು ಹೋಗಿದ್ದಾಗ ಅದರ ಮಾಲೀಕ, ಹಳೆಯ ಗಿರಣಿಯಲ್ಲಿ ಬಿಚ್ಚಿದ ವೈರನ್ನೇ ಹಾಕು ಎಂದ. ಇವನು ಒಲ್ಲೆನೆಂದು ಜಗಳ ತೆಗೆದು ಹೊರಗೆ ಬಂದು, ಚಹಾದಂಗಡಿಯ ಮುಂದೆ ಓಣಿಯ ಜನರ ಎದುರಿಗೆ, "ಈ ಗೋದಾಮ ಒಂದಿನಾ ಸುಟ್ಟು ಬೂದಿ ಆಗ್ತೈತಿ, ನೋಡ್ಕೋತ ಇರ್ರಿ" ಎಂದು ಕೂಗಿದ. ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಬೇಸಿಗೆಯ ಒಂದು ಮಧ್ಯಾಹ್ನ ಗೋದಾಮು ಸುಟ್ಟಿತು. ಒಳಗೆ ಮಲಗಿದ್ದ ಕಾವಲುಗಾರ ಹೊರಗೆ ಬರಲಿಲ್ಲ. ತಮ್ಮ ಹೇಳಿದ್ದು ವೈರಿನ ಬಗ್ಗೆ. ಆದರೆ ಯಾರಿಗೂ ಕೇಳಿಸದಿದ್ದರೆ ಅದು ಬರೀ ಸಿಟ್ಟಿನ ಮಾತಾಗುತ್ತಿತ್ತು, ಎಲ್ಲರಿಗೂ ಕೇಳಿಸಿದ್ದರಿಂದ ಬೆದರಿಕೆ ಎಂದು ಪೊಲೀಸರು ಬರೆದುಕೊಂಡರು. ಅವನೇ ಬೆಂಕಿ ಹಚ್ಚಿದ ಎಂದು ಸಾಬೀತಾದರೆ ಸಾಯುವವರೆಗೆ ಜೈಲು.

ಜೈಲಿನ ಸರಳಿನ ಆಚೆಯಿಂದ ಅವನು, "ಅಕ್ಕಾ, ನಾ ಹಚ್ಚಿಲ್ಲ" ಎಂದ. ನನಗೆ ಒಂದೊಂದು ಅಕ್ಷರವೂ ಕೇಳಿಸಿತು. ಆದರೆ ಆರೋಪಿಯ ಮಾತನ್ನು ನಮ್ಮ ಕೋರ್ಟಿನಲ್ಲಿ ಕೇಳುವುದಿಲ್ಲ. ಕೇಳಿದರೆ ಖಟ್ಲೆ ಒಂದೇ ಮಾತಿಗೆ ಮುಗಿದುಹೋಗುತ್ತದೆ, ಆಮೇಲೆ ಇಷ್ಟು ಜನ ವಕೀಲರು ಹೊಟ್ಟೆಗೆ ಏನು ಮಾಡಬೇಕು? ಸಾಕ್ಷಿಯೇ ಬೇಕು. ಗೋದಾಮು ಸುಡುವ ಹೊತ್ತಿಗೆ ಭರಮಣ್ಣ ಊರಿನ ಇನ್ನೊಂದು ತುದಿಯಲ್ಲಿ, ಪೋಸ್ಟ್‌ಮನ್ ಆಗಿ ನಿವೃತ್ತನಾಗಿದ್ದ ಗುರುಪಾದಪ್ಪನ ಮನೆಯಲ್ಲಿ ಫ್ಯಾನು ರಿಪೇರಿ ಮಾಡುತ್ತಿದ್ದ. ಗುರುಪಾದಪ್ಪ ಹಾಸಿಗೆ ಹಿಡಿದಿದ್ದ, ಅದಾದ ವಾರದಲ್ಲೇ ತೀರಿಕೊಂಡ. ಮನೆಯಲ್ಲಿ ಇನ್ನೊಬ್ಬರು ಇದ್ದದ್ದು ಫಕೀರವ್ವ ಮಾತ್ರ.

ಫಕೀರವ್ವನ ಹೆಸರು ಕೇಳಿದೊಡನೆ ನಮ್ಮ ವಕೀಲರಾದ ಗಾಣಿಗೇರ ಅವರು ಪೆನ್ನು ಕೆಳಗಿಟ್ಟರು. "ಬ್ಯಾರೆ ಯಾರೂ ಇದ್ದಿಲ್ಲೇನ್ರಿ, ಚಂಪಕ್ಕಾ?" ಎಂದರು. ಅವರ ಸಂಕಟ ನನಗೆ ಅರ್ಥವಾಯಿತು. ಬೇನೆ ಬಿದ್ದವರ ಹತ್ತಿರ ಕೂಡುವುದೇ ಫಕೀರವ್ವನ ಕೆಲಸ. ಮನೆಮಂದಿಯೆಲ್ಲ ದುಡಿಯಲು ಹೋಗುವ ಮನೆಗಳಿಗೆ ಅವಳನ್ನು ಕರೆಸುತ್ತಾರೆ. ಮಗ್ಗುಲು ಬದಲಿಸುತ್ತಾಳೆ, ಗಂಜಿ ಕುಡಿಸುತ್ತಾಳೆ, ಹೇಸಿಕೊಳ್ಳದೆ ಮಲಮೂತ್ರ ಬಳಿಯುತ್ತಾಳೆ. ಮತ್ತು ಸುಳ್ಳು ಹೇಳುತ್ತಾಳೆ. ಇವತ್ತ ಮಾರಿ ಮ್ಯಾಲ ಕಳಾ ಬಂದೈತಿ ಎನ್ನುತ್ತಾಳೆ. ಮಗಾ ರೈಲು ಹತ್ತ್ಯಾನಂತ, ಬರಾಕತ್ಯಾನ ಎನ್ನುತ್ತಾಳೆ. ಮಲಗಿದವರಿಗೆ ಅದು ಕೇಳಿಸುತ್ತದೆ, ಅವರು ನಗುತ್ತಾರೆ. ಸುತ್ತ ನಿಂತ ನಮಗೆ ಅವಳ ತುಟಿ ಮಾತ್ರ ಕಾಣುತ್ತದೆ. ಹಾಗೆ ಸದ್ದಿಲ್ಲದೆ ಅಲ್ಲಾಡುವ ಅವಳ ತುಟಿಗಳನ್ನು ನೋಡದ ಮನೆ ನಮ್ಮ ಓಣಿಯಲ್ಲಿ ಇಲ್ಲ. ಅವಳಷ್ಟು ಬೇಕಾದವಳೂ ಇನ್ನೊಬ್ಬಳಿಲ್ಲ, ಅವಳಷ್ಟು ಸುಳ್ಳಿಯೂ ಇನ್ನೊಬ್ಬಳಿಲ್ಲ.

ಗಾಣಿಗೇರ ವಕೀಲರು ನನಗೆ ಕೋರ್ಟಿನ ಕಟ್ಟಳೆ ತಿಳಿಸಿ ಹೇಳಿದರು. ನಾನು ನಿಂತೇ ಕೇಳಿದೆ, ಕೂಡು ಎಂದರೂ ಕೂಡಲಿಲ್ಲ. "ನಾವ ಮೊದಲ ಹೋಗಿ ನಮ್ಮ ಸಾಕ್ಷಿ ಬಾಳ ಖರೇ ಮನಿಷಾಳು ಅಂತ ಹೊಗಳೂಹಂಗಿಲ್ಲ. ಅವರು ಆ ಮಾತು ತಗದ ಮ್ಯಾಲನ ನಾವು ಎತ್ತಬೇಕು. ಅವರ ಕಡಿಯವರು ಬಂದು ಈಕಿ ಮಾತು ನಂಬಾಕ ಬರೂದಿಲ್ಲ ಅಂದ್ರ, ಆಗ ನಮ್ಮ ಕಡಿಯವರೊಬ್ಬರು ಬಂದು ನಂಬಬಹುದು ಅನ್ನಬಹುದು. ಅಷ್ಟ. ಯಾಕ ಅಂತ ಹೇಳೂಹಂಗಿಲ್ಲ. ಕಾರಣ ಹೇಳಾಕ ಹತ್ತಿದ್ರ ಓಣಿ ಕತಿಯೆಲ್ಲಾ ಕೋರ್ಟಿಗೆ ಬರ್ತೈತಿ." ನಾನು, "ಮತ್ತ ಅವರ ವಕೀಲರು ಏನೂ ಕೇಳೂದಿಲ್ಲೇನು?" ಎಂದೆ. "ಕೇಳ್ತಾರ. ಈಕಿ ನಿಮಗ ಇಂಥಾ ಸುಳ್ಳ ಹೇಳಿದ್ದು ಖರೇ ಏನು ಅಂತ ಒಂದ ಪ್ರಸಂಗ ಹಿಡದು ಕೇಳಬಹುದು. ಆದ್ರ ನೀವು ಏನ ಉತ್ತರ ಕೊಡ್ತೀರಿ ಅದನ್ನ ಒಪ್ಪಿಕೋಬೇಕು. ಅದು ಸುಳ್ಳಂತ ತೋರಸಾಕ ಇನ್ನೊಬ್ಬರನ್ನ ಕರಸೂಹಂಗಿಲ್ಲ." ನಂಬಬಹುದು ಎಂದು ಹೇಳುವವರನ್ನು ಗಾಣಿಗೇರರು ಓಣಿಯಲ್ಲೆಲ್ಲ ಹುಡುಕಿದ್ದರು. ಎಲ್ಲರೂ, ಫಕೀರವ್ವ ದೇವರಂಥಾಕಿ, ಆದ್ರ ಆಕಿ ಮಾತು... ಎಂದು ಹೇಳಿ ಒಳಗೆ ಹೋದರಂತೆ. ಉಳಿದವಳು ನಾನೊಬ್ಬಳೇ. ನಾನು ಬಂದು ಹೇಳ್ತೀನಿ ಎಂದೆ. ನನಗೆ ಅಂಜಿಕೆಯಿರಲಿಲ್ಲ, ಯಾಕೆಂದರೆ ನಾನು ಅವಳ ಮಾತನ್ನು ನಂಬಿದ್ದೆ. ಆ ಒಂದು ಮಾತಿನ ಮೇಲೇ ನಾನು ಬದುಕಿದ್ದೆ.

ಅದನ್ನು ಹೇಳಬೇಕಾದರೆ ನನ್ನವ್ವನ ವಿಷಯ ಹೇಳಬೇಕು. ಮದುವೆಯಾಗಿ ಎರಡನೆಯ ವರ್ಷಕ್ಕೆ ನಾನು ಗಂಡನ ಮನೆ ಬಿಟ್ಟು ಬಂದೆ. ಅವನು ನನಗೆ ಏನೇನು ಮಾಡುತ್ತಿದ್ದ ಎಂದು ಅವ್ವನ ಮುಂದೆ ಕೂತು ಹೇಳಿದೆ. ಅವ್ವ ನನ್ನ ತುಟಿಗಳನ್ನೇ ನೋಡುತ್ತ ಕೂತಳು. ಅವಳಿಗೆ ಅಳಿಯ ಎಂದರೆ ಅಷ್ಟು ಒಳ್ಳೆಯವನು. ತೋಳಿನ ಮೇಲಿನ ಬರೆ ತೋರಿಸಿದೆ. "ಅಡಿಗಿ ಮಾಡುವಾಗ ಲಕ್ಷ್ಯ ಬ್ಯಾಡೇನು?" ಎಂದಳು. ದೊಡ್ಡ ಮಾತು ಕೇಳಿಸದೆ ಹೋದರೆ ಸಣ್ಣ ಮಾತುಗಳೂ ಅದರ ಹಿಂದೆಯೇ ಹೋಗುತ್ತವೆ. ಆಮೇಲೆ ನಾನು ಚಹಾ ಕುಡೀತಿ ಏನು ಎಂದರೂ ಅವಳಿಗೆ ಕೇಳಿಸಲಿಲ್ಲ. ನಾನು ಅಂಗಡಿಯ ಹಿಂದಿನ ಕೋಣೆಯಲ್ಲಿ ಬಿಡಾರ ಹೂಡಿದೆ. ದಿನಾ ಸಂಜೆ ಮನೆಗೆ ಹೋಗುತ್ತಿದ್ದೆ, ಮಾತಾಡುತ್ತಿದ್ದೆ, ಭರಮಣ್ಣ ನಡುವೆ ಕೂತು, "ಅವ್ವಾ, ಚಹಾ ಮಾಡ್ಲೇನು ಅಂತ ಅಕ್ಕ ಕೇಳಾಕತ್ತಾಳ" ಎಂದು ಒಂದೊಂದೇ ಮಾತನ್ನು ಅವಳಿಗೆ ದಾಟಿಸುತ್ತಿದ್ದ. ಅವನ ಮಾತು ಅವಳಿಗೆ ಕೇಳಿಸುತ್ತಿತ್ತು. ಗಂಡನ ಮನೆಯ ಮಾತನ್ನು ಮಾತ್ರ ದಾಟಿಸಬೇಡ ಎಂದು ನಾನೇ ಅವನಿಗೆ ಹೇಳಿದ್ದೆ. ಅದು ನನ್ನ ಬಾಯಿಂದಲೇ ಅವಳಿಗೆ ಕೇಳಿಸಬೇಕೆಂಬ ಹಟ ನನಗೆ.

ವರ್ಷಗಳು ಹೋದವು. ಅವ್ವ ಹಾಸಿಗೆ ಹಿಡಿದಾಗ ಹಗಲು ಹೊತ್ತಿಗೆ ಫಕೀರವ್ವನನ್ನು ಕರೆಸಿದೆವು. ಒಂದು ದಿನ ಅಂಗಡಿಯಲ್ಲಿ ಕತ್ತರಿ ಹಿಡಿದಿದ್ದಾಗ ಸುದ್ದಿ ಬಂತು. ನಾನು ಓಡಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೊಸ್ತಿಲಲ್ಲೇ ಫಕೀರವ್ವ ನನ್ನ ಮುಂಗೈ ಹಿಡಿದುಕೊಂಡಳು. "ತಂಗೀ, ನಿಮ್ಮವ್ವ ಕಡೀಗೆ ಕಣ್ಣ ತೆರದ್ಲು. ಚಂಪಾ ಹೇಳಿದ್ದು ನನಗ ಕೇಳಿಸ್ತು ಅಂದ್ಲು." ನನಗೆ ಅದು ಗಂಟೆ ಬಾರಿಸಿದ ಹಾಗೆ ಕೇಳಿಸಿತು. ಅಳುತ್ತ ಅಳುತ್ತ ನಾನು ನಕ್ಕೆ. ಅವ್ವನ ಹತ್ತಿರವೇ ಇದ್ದು ಈಗ ನನ್ನ ಪಕ್ಕದಲ್ಲಿ ಬಂದು ನಿಂತಿದ್ದ ಭರಮಣ್ಣ, ಚಟ್ಟಕ್ಕ ಬಿದಿರು ತರ್ತೀನಿ ಎಂದು ಹೊರಗೆ ಹೋದ. ಅಂದಿನಿಂದ ಆ ಮಾತನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇನೆ. ಅಳತೆ ತೆಗೆದುಕೊಳ್ಳುತ್ತ ಹೇಳಿದ್ದೇನೆ, ಗುಂಡಿ ಹಚ್ಚುತ್ತ ಹೇಳಿದ್ದೇನೆ. ನನ್ನವ್ವನಿಗೆ ಕಡೆಗೂ ನಾನು ಕೇಳಿಸಿದೆ ಎಂದು ಊರಿಗೆಲ್ಲ ಗೊತ್ತಿತ್ತು.

ಖಟ್ಲೆ ಶುರುವಾಯಿತು. ನಮ್ಮ ನ್ಯಾಯಾಧೀಶರು ಪೇಟೆಯಲ್ಲಿ ನಡೆಯುವಾಗ ಎರಡೂ ಕಿವಿಗೆ ಹತ್ತಿ ಇಟ್ಟುಕೊಳ್ಳುವವರು. ಯಾರ ಬಗ್ಗೆಯೂ ಮೊದಲೇ ಒಂದು ಭಾವನೆ ಬರಬಾರದೆಂದು ಮದುವೆ ಮುಂಜಿವೆಗಳಿಗೂ ಹೋಗುವುದಿಲ್ಲ. ಕೋರ್ಟಿಗೆ ಬಂದ ಮೇಲೆ ಹತ್ತಿ ತೆಗೆದು ಮೇಜಿನ ಮೇಲೆ ಇಡುತ್ತಾರೆ, ಕೆಲಸ ಶುರುವಾಯಿತೆಂದು ಅರ್ಥ. ಅವರಿಗೆ ಕೇಳಿಸಿದ್ದನ್ನು ಅವರು ಹೇಳುತ್ತಾರೆ, ಟೈಪಿಸ್ಟು ಬಡಿಯುತ್ತಾನೆ. ಅವರಿಗೆ ಕೇಳಿಸದ್ದು ಕಾಗದಕ್ಕೆ ಬರುವುದಿಲ್ಲ. ಬೆಳಿಗ್ಗೆ ಫಕೀರವ್ವ ಕಟಕಟೆಗೆ ಬಂದು, ಭರಮಣ್ಣ ಗುರುಪಾದಪ್ಪನ ಮನೆಗೆ ಯಾವಾಗ ಬಂದ, ಸ್ಟೂಲು ಸಾಲದೆ ತೊಲೆಗೆ ಹೇಗೆ ಕೈ ಕೊಟ್ಟು ನಿಂತ, ಗೋದಾಮಿನ ಹೊಗೆ ಕಿಟಕಿಯಿಂದ ಕಂಡಾಗ ಅವನಿನ್ನೂ ಫ್ಯಾನಿನ ರೆಕ್ಕೆ ಒರೆಸುತ್ತಿದ್ದ ಎಂಬುದನ್ನೆಲ್ಲ ಹೇಳಿದಳು. ನ್ಯಾಯಾಧೀಶರಿಗೆ ಎಲ್ಲವೂ ಕೇಳಿಸಿತು. ಟೈಪಿಸ್ಟು ಬಡಿಯುವ ಸದ್ದು ಕೇಳಿ ನನ್ನ ಎದೆ ಹಗುರಾಯಿತು.

ಆಮೇಲೆ ಸರಕಾರದ ಪರವಾಗಿ ವಾದಿಸುತ್ತಿದ್ದ ಹುದ್ದಾರ ವಕೀಲರು ತಮ್ಮ ಜನರನ್ನು ಕರೆಸಿದರು. ಮೊದಲು ಬಂದವರು ನಮ್ಮ ಓಣಿಯ ಸಣ್ಣೀರಪ್ಪ ಮಾಸ್ತರರು. ಅವರ ಹೆಂಡತಿ ಫಕೀರವ್ವನ ತೊಡೆಯ ಮೇಲೆ ಪ್ರಾಣ ಬಿಟ್ಟಿದ್ದರು, ನಗುನಗುತ್ತ. ಈಕೆಯ ಮಾತು ನಂಬಬಹುದೇ ಎಂದು ಕೇಳಿದಾಗ ಮಾಸ್ತರರು ಫಕೀರವ್ವನ ಕಡೆ ತಿರುಗಿ ಕೈ ಮುಗಿದರು. ಅವಳು ಹೇಳ್ರಿ ಎನ್ನುವಂತೆ ತಲೆಯಾಡಿಸಿದಳು. "ನಂಬಾಕ ಬರೂದಿಲ್ರಿ" ಎಂದರು. ಆಮೇಲೆ ಬಂದವರೂ ಹಾಗೇ ಒಂದೊಂದು ಮಾತು ಹೇಳಿ, ಅವಳ ಮುಖ ನೋಡಲಾರದೆ ಇಳಿದು ಹೋದರು. ಯಾರೂ ಸುಳ್ಳು ಹೇಳಲಿಲ್ಲ. ಮಧ್ಯಾಹ್ನ ಹುದ್ದಾರರು ಫಕೀರವ್ವನನ್ನು ಪ್ರಶ್ನೆ ಕೇಳಲು ಮತ್ತೆ ನಿಲ್ಲಿಸಿದರು. ಅವಳು ಉತ್ತರ ಕೊಟ್ಟಳು. ನ್ಯಾಯಾಧೀಶರು ಮುಂದೆ ಬಾಗಿ, ಕಿವಿಯ ಹಿಂದೆ ಕೈ ಇಟ್ಟು, "ಏನಂದಿರಿ?" ಎಂದರು. ಅವಳು ಮತ್ತೆ ಹೇಳಿದಳು. ನನಗೆ ಕೇಳಿಸಿತು, ಅವರಿಗೆ ಕೇಳಿಸಲಿಲ್ಲ. ಟೈಪಿಸ್ಟು ಕೈ ಕಟ್ಟಿ ಕೂತ. ಈಗ ಕೇಳಿಸದಿದ್ದರೆ ಬೆಳಿಗ್ಗೆ ಬಡಿದದ್ದನ್ನೂ ಹೊಡೆದುಹಾಕಬೇಕಾಗುತ್ತದೆ ಎಂದು ಹೇಳಿ ನ್ಯಾಯಾಧೀಶರು ಕಿವಿಗೆ ಹತ್ತಿ ಇಟ್ಟುಕೊಂಡು ಎದ್ದರು.

ಮುಂದಿನ ತಾರೀಖಿನವರೆಗೆ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ. ಒಂದು ಲಂಗವನ್ನು ಹೊಲಿದು ಬಿಚ್ಚಿ ಹೊಲಿದು ಬಟ್ಟೆಯೇ ಜಾಳಾಗಿ, ಗಿರಾಕಿಗೆ ಹೊಸ ಬಟ್ಟೆ ತಂದುಕೊಟ್ಟೆ. ನಂಬಬಹುದು, ನಂಬಬಹುದು ಎಂದು ಮಷಿನ್ನು ತುಳಿಯುತ್ತ ಹೇಳಿಕೊಳ್ಳುತ್ತಿದ್ದೆ. ಹೇಳುವುದು ಒಂದೇ ಮಾತು, ಹೇಳಿ ಇಳಿದರೆ ಮುಗಿಯಿತು ಎಂದುಕೊಂಡಿದ್ದೆ.

ಕಟಕಟೆ ಹತ್ತಿದಾಗ ಗಾಣಿಗೇರ ವಕೀಲರು ಕೇಳಿದರು. ಫಕೀರವ್ವ ನಿಮಗೆ ಗೊತ್ತೇ? ಗೊತ್ತು. ಆಕೆಯ ಮಾತು ನಂಬಬಹುದೇ? "ನಂಬಬಹುದು" ಎಂದೆ. ನ್ಯಾಯಾಧೀಶರು ತಲೆಯೆತ್ತಿ ನನ್ನನ್ನು ನೋಡಿ, ಆ ಮಾತನ್ನು ಟೈಪಿಸ್ಟಿಗೆ ಹೇಳಿದರು. ನಾನು ಇಳಿಯಲು ಕಾಲು ತೆಗೆದೆ. ಹುದ್ದಾರರು, "ಸ್ವಲ್ಪ ನಿಂದರ್ರಿ, ಅಕ್ಕಾರ" ಎಂದರು. ಮೆತ್ತಗಿನ ದನಿಯ ಮನುಷ್ಯ. "ನಿಮ್ಮ ತಾಯಿ ತೀರಿಕೊಂಡ ದಿವಸ ಫಕೀರವ್ವ ನಿಮಗ ಒಂದು ಮಾತು ಹೇಳಿದ್ಲು, ಹೌದಲ್ಲ? ನಿಮ್ಮ ತಾಯಿಗೆ ನೀವು ಹೇಳಿದ್ದು ಕೇಳಿಸ್ತು ಅಂತ?" ಹೌದು ಎಂದೆ. "ತಾಯಿ ಜೀವ ಹೋಗೂ ಮುಂದ ಹತ್ತಿರ ಯಾರ ಯಾರು ಇದ್ರು?" ಫಕೀರವ್ವ ಮತ್ತು ನನ್ನ ತಮ್ಮ ಎಂದೆ. "ಆ ಮಾತು ಫಕೀರವ್ವ ನಿಮಗ ಹೇಳೂ ಮುಂದ ನಿಮ್ಮ ತಮ್ಮ ನಿಮ್ಮ ಬಾಜೂಕನ ನಿಂತಿದ್ದರು. ಅವರಿಗೆ ಕೇಳಿಸ್ತೇನು?"

ಕೋರ್ಟಿನಲ್ಲಿ ಕೂತವರೆಲ್ಲ ಒಮ್ಮೆಲೇ ಮಾತಾಡಿದರು. ಹಿಂದಿನ ಬೆಂಚಿನಿಂದ ಯಾರೋ ಹೆಂಗಸು, ಥೂ ಇವನ ಬಾಯಿಗಿಷ್ಟು ಎಂದಳು. ಗಾಣಿಗೇರರು ಎದ್ದು ನಿಂತು, "ಸಾಹೇಬರ, ಸತ್ತವರ ಮನಿ ಮಾತಿದು, ಇದನ್ನ ಯಾರೂ ಕೇಳೂದಿಲ್ಲ" ಎಂದರು. ನ್ಯಾಯಾಧೀಶರು, "ಇದು ಸತ್ತವರ ಮನೆಯಲ್ಲ, ಕೋರ್ಟು. ಸಾಕ್ಷಿ ಉತ್ತರ ಕೊಡಲಿ" ಎಂದರು.

ನಾನು ಭರಮಣ್ಣನ ಕಡೆ ನೋಡಿದೆ. ಅವನು ನನ್ನನ್ನು ನೋಡುತ್ತಿದ್ದವನು ಕಣ್ಣು ಕೆಳಗೆ ಮಾಡಿದ. ಅಷ್ಟೇ. ವರ್ಷಗಟ್ಟಲೆ ನನ್ನ ಒಂದೊಂದು ಮಾತನ್ನೂ ಅವ್ವನಿಗೆ ದಾಟಿಸಿದ ಹುಡುಗ ಅವನು. ಅವ್ವನಿಗೆ ನಾನು ಕೇಳಿಸಿದ್ದೇ ಆಗಿದ್ದರೆ ಫಕೀರವ್ವನಿಗಿಂತ ಮೊದಲು ಅವನು ಓಣಿಯ ತುದಿಯವರೆಗೆ ಓಡಿ ಬಂದು ನನಗೆ ಹೇಳುತ್ತಿರಲಿಲ್ಲವೇ? ಇಷ್ಟು ದಿನ ಆ ಮಾತನ್ನು ನಾನು ಅವನೆದುರಿಗೆ ಎಷ್ಟು ಸಲ ಎತ್ತಿದ್ದೆ. ಒಮ್ಮೆಯಾದರೂ ಅವನು ಹೌದಕ್ಕಾ ಅಂದಿದ್ದನೇ? ಪ್ರತಿ ಸಲ ಏನಾದರೊಂದು ನೆಪ ಮಾಡಿ ಎದ್ದು ಹೋಗುತ್ತಿದ್ದ. ನಾನೇ ಅದನ್ನು ನೋಡಿರಲಿಲ್ಲ. ನೋಡಲು ನನಗೆ ಮನಸ್ಸಿರಲಿಲ್ಲ.

ಕೇಳಿಸಿತ್ತು ಎಂದುಬಿಡಬಹುದಿತ್ತು. ಹುದ್ದಾರರು ಅದನ್ನು ಒಪ್ಪಿಕೊಳ್ಳಲೇಬೇಕಿತ್ತು, ಇನ್ನೊಬ್ಬ ಸಾಕ್ಷಿ ಕರೆಸುವ ಹಾಗಿರಲಿಲ್ಲ. ಆದರೆ ನ್ಯಾಯಾಧೀಶರಿಗೆ ನನ್ನ ತುಟಿ ಮಾತ್ರ ಕಂಡರೆ? ನನ್ನ ನಂತರ ನಂಬಬಹುದು ಎನ್ನುವ ಸಾಕ್ಷಿ ಇನ್ನಾರೂ ಇರಲಿಲ್ಲ. "ಇಲ್ಲ" ಎಂದೆ. "ಅವಗ ಕೇಳಿಸಿರಲಿಲ್ಲ."

ಅಲ್ಲಿಗೆ ಹುದ್ದಾರರು ಕೂತುಬಿಟ್ಟಿದ್ದರೆ ಅವರು ಗೆದ್ದಂತೆಯೇ. ಮನುಷ್ಯ ಕೂಡಲಿಲ್ಲ. ಗೆಲ್ಲುವುದರ ಜೊತೆಗೆ ನನ್ನ ಮುಖ ಇನ್ನಷ್ಟು ಸಣ್ಣದಾಗುವುದನ್ನು ನೋಡಬೇಕಿತ್ತೇನೋ. ಜನರ ಕಡೆ ತಿರುಗಿ ನಕ್ಕು, "ಇಷ್ಟಾದ ಮ್ಯಾಲೂ ಈಕಿ ಮಾತು ನಂಬಬಹುದು ಅಂತೀರಲ್ಲ, ಯಾಕ್ರಿ ಅಕ್ಕಾರ?" ಎಂದರು. ಗಾಣಿಗೇರರ ಕೈಯಲ್ಲಿದ್ದ ಕಾಗದ ಕೆಳಗೆ ಬಿತ್ತು. ನ್ಯಾಯಾಧೀಶರು ಹುದ್ದಾರರ ಕಡೆ ತಿರುಗಿದರು. "ಕಾರಣ ಹೇಳಬಾರದು ಎಂಬುದು ಕಟ್ಟಳೆ. ಆದರೆ ಎದುರಿನವರೇ ಕಾರಣ ಕೇಳಿದರೆ ಸಾಕ್ಷಿ ಅದನ್ನು ಹೇಳಬಹುದು. ಕೇಳಿದವರು ನೀವು. ಈಗ ಸುಮ್ಮನೆ ಕೇಳಿಸಿಕೊಳ್ಳಿ" ಎಂದರು. ಹುದ್ದಾರರು ಕರೀ ಕೋಟಿನ ಗುಂಡಿ ಹಾಕಿ ತೆಗೆದು ಮಾಡಿದರು.

ಕಟಕಟೆಯ ಕಟ್ಟಿಗೆ ಹಿಡಿದುಕೊಂಡೆ. ನನ್ನ ಕಾಲು ಅಲ್ಲೂ ತುಳಿಯುತ್ತಿತ್ತು. ಹೇಳಬೇಕಾದದ್ದು ಏನೆಂದು ನನಗೆ ಪೂರ್ತಿ ತಿಳಿದಿತ್ತು, ಹೇಳಿದರೆ ಏನು ಹೋಗುತ್ತದೆ ಎಂಬುದೂ ತಿಳಿದಿತ್ತು. ಕೆಳಗೆ ಬೆಂಚಿನ ಮೇಲೆ ಕೂತಿದ್ದ ಫಕೀರವ್ವನಿಗೂ ತಿಳಿದಿರಬೇಕು, ಬ್ಯಾಡ ತಂಗಿ, ಬ್ಯಾಡ ಎಂದು ತಲೆ ಅಲ್ಲಾಡಿಸುತ್ತಿದ್ದಳು. ನಾನು ಅವಳ ಕಡೆ ನೋಡುವುದನ್ನು ಬಿಟ್ಟು ನ್ಯಾಯಾಧೀಶರನ್ನು ನೋಡಿದೆ.

"ಸಾಹೇಬರ, ಫಕೀರವ್ವ ಸುಳ್ಳ ಹೇಳ್ತಾಳ. ಸಾಯವರಿಗೆ ಹೇಳ್ತಾಳ, ಸತ್ತವರ ಹಿಂದ ಉಳದವರಿಗೆ ಹೇಳ್ತಾಳ. ಮಾಸ್ತರ ಹೆಣ್ತಿಗೆ ಜ್ವರಾ ಇಳದೈತಿ ಅಂದ್ಲು. ನನಗ, ನಿಮ್ಮವ್ವಗ ನೀ ಹೇಳಿದ್ದು ಕೇಳಿಸ್ತು ಅಂದ್ಲು. ಅದು ಸುಳ್ಳ. ನಮ್ಮವ್ವಗ ನಾ ಕಡೀತನಕ ಕೇಳಿಸಲಿಲ್ಲ. ಆದ್ರ ಅಳೂ ಮನಿ ಬಿಟ್ಟು ಬ್ಯಾರೆ ಕಡೆ ಆಕಿ ಒಂದ ಸುಳ್ಳ ಹೇಳಿದ್ದು ಈ ಊರಾಗ ಯಾರರೆ ಕಂಡೀರೇನು? ತನಗೋಸ್ಕರ ಹೇಳಿದ್ದು? ಒಬ್ಬರನ್ನ ತಗ್ಗಿಗೆ ಕೆಡವಾಕ ಹೇಳಿದ್ದು? ಫ್ಯಾನು ರಿಪೇರಿ ಮಾಡಿದ್ದು ಹೇಳಿದ್ರ ಯಾರ ಕಣ್ಣೀರ ನಿಲ್ತಾವು? ನಾ ಇವನ ಅಕ್ಕ, ನಾ ಅಳಾಕತ್ತೀನಿ, ಅದಕ್ಕ ಹೇಳ್ಯಾಳು ಅಂತೀರಿ. ಪೊಲೀಸರು ಬಂದ ಮೊದಲನೇ ದಿನಾನ, ನನಗ ಸುದ್ದಿನ ಮುಟ್ಟಿರಲಿಲ್ಲ, ಆಗ ಆಕಿ ತಾನ ಠಾಣೇಕ ಹೋಗಿ ಇದನ್ನ ಹೇಳಿ ಬಂದಾಳ. ಅಲ್ಲಿ ಯಾರು ಅಳಾಕತ್ತಿದ್ರು, ಫೌಜದಾರ ಅಳಾಕತ್ತಿದ್ನೇನು? ಆಕಿ ಯಾವಾಗ ಸುಳ್ಳ ಹೇಳ್ತಾಳ ಅನ್ನೂದು ನನಗ ಗೊತ್ತೈತಿ. ಅದಕ್ಕ, ಯಾವಾಗ ಖರೇ ಹೇಳ್ತಾಳ ಅನ್ನೂದೂ ಗೊತ್ತೈತಿ."

ಇಷ್ಟು ಹೇಳುವಾಗ ಒಂದು ಆಸೆ ನನ್ನಲ್ಲಿ ಇನ್ನೂ ಇತ್ತು, ನಾಚಿಕೆಯಿಲ್ಲದ ಆಸೆ. ಉಳಿದದ್ದೆಲ್ಲ ಕೇಳಿಸಲಿ, ಅವ್ವನ ಮಾತು ಒಂದು ಯಾರಿಗೂ ಕೇಳಿಸದೆ ಹೋಗಲಿ, ಏನಂದಿ ಎಂದು ಯಾರಾದರೂ ಕೇಳಲಿ ಎಂದುಕೊಂಡಿದ್ದೆ. ನ್ಯಾಯಾಧೀಶರು ಟೈಪಿಸ್ಟಿನ ಕಡೆ ತಿರುಗಿದರು. "ಸಾಕ್ಷಿಯ ತಾಯಿಗೆ ಸಾಕ್ಷಿಯ ಮಾತು ಕೊನೆಯವರೆಗೂ ಕೇಳಿಸಲಿಲ್ಲ" ಎಂದು ಬಿಡಿಬಿಡಿಯಾಗಿ ಹೇಳಿದರು. ಟೈಪಿಸ್ಟು ಬಡಿದ. ಇಡೀ ಕೋರ್ಟಿಗೆ ಕೇಳಿಸಿತ್ತು. ಸಣ್ಣೀರಪ್ಪ ಮಾಸ್ತರರು ಪಂಚೆಯ ತುದಿಯಿಂದ ಮುಖ ಮುಚ್ಚಿಕೊಂಡಿದ್ದರು. ನನ್ನ ಮಾತು ನನಗೂ ಕೇಳಿಸಿತ್ತು.

ಫಕೀರವ್ವನನ್ನು ಮತ್ತೆ ಕಟಕಟೆಗೆ ಕರೆದರು. ಹುದ್ದಾರರು ಆ ಕಡೆಯಿಂದ ಈ ಕಡೆಯಿಂದ ಎಷ್ಟು ತಿರುವಿ ಕೇಳಿದರೂ ಅವಳು ಮೊದಲ ದಿನ ಹೇಳಿದ್ದನ್ನೇ ಹೇಳಿದಳು, ಸ್ಟೂಲು, ತೊಲೆ, ರೆಕ್ಕೆ ಒರೆಸುವ ಅರಿವೆ. ನ್ಯಾಯಾಧೀಶರು ಒಮ್ಮೆಯೂ ಕಿವಿಯ ಹಿಂದೆ ಕೈ ಇಡಲಿಲ್ಲ. ಅವಳು ಹೇಳಿದ್ದೆಲ್ಲ ನನಗೂ ಸ್ಪಷ್ಟವಾಗಿ ಕೇಳಿಸಿತು. ತೀರ್ಪಿನ ದಿನ ಭರಮಣ್ಣನನ್ನು ಬಿಟ್ಟರು. ಕೋರ್ಟಿನ ಮೆಟ್ಟಿಲ ಮೇಲೆ ಗಾಣಿಗೇರ ವಕೀಲರು ನನಗೆ ನಮಸ್ಕಾರ ಮಾಡಿದರು, ನಾನು ಅವರಿಗೆ ಮಾಡಿದೆ, ಭರಮಣ್ಣ ಬಿಸಿಲಿಗೆ ಕಣ್ಣು ಚಿಕ್ಕದು ಮಾಡಿಕೊಂಡು ನಿಂತಿದ್ದ. ನನಗೆ ಸಂತೋಷವಾಗಿತ್ತು. ಸುಳ್ಳು ಯಾಕೆ, ಕುಣಿಯುವಷ್ಟು ಸಂತೋಷವಾಗಿತ್ತು. ಅವನ ತೋಳು ಹಿಡಿದುಕೊಂಡೇ ಪೇಟೆ ದಾಟಿದೆ.

ಮನೆಯಲ್ಲಿ ಅವನಿಗೆ ರೊಟ್ಟಿ ಜುಣಕ ಮಾಡಿ ಬಡಿಸಿದೆ. ರೊಟ್ಟಿ ಮುರಿಯುತ್ತ ಅವನು ತಡೆದು ತಡೆದು, "ಅಕ್ಕಾ, ಅವತ್ತ ಅವ್ವ ಕಡೀಗೆ..." ಎಂದು ಶುರುಮಾಡಿದ. ನಾನು ಅವನ ಬಾಯಿಯ ಮೇಲೆ ಕೈ ಇಟ್ಟೆ. "ಹೇಳಬ್ಯಾಡ" ಎಂದೆ. "ನೀ ಹೇಳಿದ್ರ ನನಗ ಕೇಳಿಸ್ತೈತಿ." ಅವನು ಹೇಳಲಿಲ್ಲ. ಇವತ್ತಿನವರೆಗೂ ಹೇಳಿಲ್ಲ, ನಾನೂ ಕೇಳಿಲ್ಲ.

ಅಂಗಡಿ ಮೊದಲಿನಂತೆ ನಡೆಯುತ್ತಿದೆ. ಗಿರಾಕಿಗಳು ಮೊದಲಿಗಿಂತ ಹೆಚ್ಚಾಗಿದ್ದಾರೆ. ನನ್ನ ಕಾಲು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಮಧ್ಯಾಹ್ನ ಕೆಲಸ ಅರ್ಧಕ್ಕೆ ಬಿಟ್ಟು ಎದ್ದು, ಫಕೀರವ್ವ ಆ ದಿನ ಯಾರ ಮನೆಯಲ್ಲಿ ಕೂತಿದ್ದಾಳೋ ಅಲ್ಲಿಗೆ ಹುಡುಕಿಕೊಂಡು ಹೋಗುತ್ತೇನೆ. ಮಲಗಿದವರಿಗೆ ಜೊಂಪು ಹತ್ತಿದಾಗ ಅವಳು ಹೊರಗೆ ಕಟ್ಟೆಗೆ ಬರುತ್ತಾಳೆ. "ಫಕೀರವ್ವ, ನಮ್ಮವ್ವ ಕಡೀಗೆ ಏನಂದ್ಲು ಅನ್ನೂದನ್ನ ಇನ್ನೊಮ್ಮೆ ಹೇಳ" ಎನ್ನುತ್ತೇನೆ. ಅವಳು ನನ್ನ ಮುಂಗೈ ಹಿಡಿದುಕೊಂಡು ಹೇಳುತ್ತಾಳೆ. ತುಟಿಗಳು ಕೂಡಿ ಬಿಡುವುದನ್ನು ನೋಡುತ್ತೇನೆ, ನನ್ನ ಹೆಸರು ಎಲ್ಲಿ ಬಂತೆಂದು ಗೊತ್ತಾಗುತ್ತದೆ. ಪಕ್ಕದ ಮನೆಯ ಮಿಕ್ಸರು ಕೇಳಿಸುತ್ತದೆ, ಬೀದಿಯಲ್ಲಿ ಹೋಗುವ ಸೈಕಲ್ಲಿನ ಗಂಟೆ ಕೇಳಿಸುತ್ತದೆ. ಇನ್ನೊಮ್ಮೆ ಎನ್ನುತ್ತೇನೆ. ಅವಳು ಬೇಸರ ಮಾಡಿಕೊಳ್ಳದೆ ಮತ್ತೆ ಮೊದಲಿನಿಂದ ಹೇಳುತ್ತಾಳೆ. ನಾನು ಬಾಗಿ ಕಿವಿಯನ್ನು ಅವಳ ಬಾಯಿಯ ಹತ್ತಿರಕ್ಕೆ ಒಯ್ಯುತ್ತೇನೆ. ಅವಳ ಉಸಿರು ಬೆಚ್ಚಗೆ ತಾಗುತ್ತದೆ.